ಜಾಂಜಿಬಾರ್‌ನಲ್ಲಿ ಗುಲಾಮರ ಸಂತೆ ನೋಡುವುದು, ಅದೇ ಕಡಲಲ್ಲಿ ಈಜು ಕಲಿಯುವುದು

ಪೂರ್ವ ಆಫ್ರಿಕಾದ ಟಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್ ದ್ವೀಪಕ್ಕೆ ಹೋಗುವ ಹೆಚ್ಚಿನವರು ಗುಲಾಮರ ಸಂತೆಯಿದ್ದ ಜಾಗಕ್ಕೆ ನಲವತ್ತು ನಿಮಿಷ ಕೊಡುತ್ತಾರೆ. ಮಸಾಲೆ ತೋಟ, ಆಮೆಗಳ ದ್ವೀಪ, ಮಧ್ಯದಲ್ಲಿ ಗುಲಾಮರ ಕೋಣೆ, ಸಂಜೆ ಬೀಚು, ಎಲ್ಲ ಒಂದೇ ದಿನದ ಪ್ಯಾಕೇಜು. ಈಜು ಬಾರದವರು ಆ ಬೀಚಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಎರಡೂ ಕೆಲಸ ಅರ್ಧಕ್ಕೇ ನಿಲ್ಲುವುದಕ್ಕೆ ಕಾರಣ ಒಂದೇ, ಅವಸರ. ಹತ್ತು ದಿನ ಇಟ್ಟುಕೊಂಡರೆ ಸಂತೆಯ ಇತಿಹಾಸವನ್ನು ತಿಳಿದು ನೋಡಬಹುದು, ಮೂವತ್ತು ನಲವತ್ತು ದಾಟಿದವರೂ ನೀರಿನ ಮೇಲೆ ತೇಲುವುದನ್ನು ಕಲಿತು ಬರಬಹುದು. ಮೊದಲ ಎರಡು ದಿನ ಜಾಂಜಿಬಾರ್ ಪಟ್ಟಣದ ಹಳೆಯ ಭಾಗವಾದ ಸ್ಟೋನ್ ಟೌನ್, ಮೂರನೇ ದಿನ ಮಂಗಪ್ವಾನಿ ಮಾರ್ಗವಾಗಿ ಉತ್ತರಕ್ಕೆ ಪಯಣ, ಆಮೇಲೆ ಆರು ದಿನ ಉತ್ತರ ತುದಿಯ ಕಡಲೂರುಗಳಾದ ಕೆಂಡ್ವಾ ಅಥವಾ ನುಂಗ್ವಿಯಲ್ಲಿ ಈಜು, ಕೊನೆಯ ದಿನ ವಾಪಸು. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಬೀಚಿನಲ್ಲಿ ಒಂದು ವಾರ ಕಳೆದು, ವಿಮಾನ ಹತ್ತುವ ದಿನ ಗುಲಾಮರ ಕೋಣೆಗೆ ಇಳಿದರೆ ತಲೆಗೆ ಏನೂ ಹತ್ತುವುದಿಲ್ಲ.

ಯಾವಾಗ ಹೋಗಬೇಕು? ಪಂಚಾಂಗ ನೋಡಿ

ಇಲ್ಲಿ ಎರಡು ಗಾಳಿಗಳಿವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸುವುದು ಕಸ್ಕಾಜಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದಿಂದ ಬೀಸುವುದು ಕುಸಿ. ಅರಬ್ ದೇಶಗಳಿಂದ, ಕಚ್ಛ್‌ನಿಂದ ಹಾಯಿಹಡಗುಗಳು ಕಸ್ಕಾಜಿಯಲ್ಲಿ ಬಂದು, ಕುಸಿ ಎದ್ದ ಮೇಲೆ ದಂತ, ಲವಂಗ ಮತ್ತು ಮನುಷ್ಯರನ್ನು ತುಂಬಿಕೊಂಡು ಮರಳುತ್ತಿದ್ದವು. ಈಜು ಕಲಿಯುವವರಿಗೂ ಈ ಗಾಳಿಯೇ ಲೆಕ್ಕ. ಕುಸಿ ಕಾಲದಲ್ಲಿ ಪೂರ್ವ ಕರಾವಳಿಯ ಪಾಜೆ, ಜಂಬಿಯಾನಿಗಳಲ್ಲಿ ನೀರು ಕಲಕುತ್ತದೆ, ದ್ವೀಪದ ಮರೆ ಇರುವ ಪಶ್ಚಿಮ ಮತ್ತು ವಾಯವ್ಯ ಭಾಗ ಶಾಂತವಾಗಿರುತ್ತದೆ. ಮಾರ್ಚ್ ಕೊನೆಯಿಂದ ಮೇವರೆಗೆ ಜಡಿಮಳೆ, ಆಗ ಬೇಡ. ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೆಂಡ್ವಾ ಕಡೆ ಹೋಗುವುದೇ ಒಳ್ಳೆಯದು.

ಇನ್ನು ಉಬ್ಬರ ಇಳಿತ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ಇಲ್ಲಿ ನೀರು ಮೂರೂವರೆ ನಾಲ್ಕು ಮೀಟರ್‌ವರೆಗೆ ಏರಿಳಿಯುತ್ತದೆ. ಅಷ್ಟಮಿಯ ನಂತರದ ಒಂದೆರಡು ದಿನ ಅದರ ಅರ್ಧವೂ ಇರುವುದಿಲ್ಲ. ಪೂರ್ವ ಕರಾವಳಿಯಲ್ಲಿ ಇಳಿತದ ಹೊತ್ತಿಗೆ ಕಡಲು ಒಂದು ಕಿಲೋಮೀಟರಿನಷ್ಟು ಹಿಂದೆ ಹೋಗಿ, ಹವಳದ ಕಲ್ಲು, ಪಾಚಿ, ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಜೀವಿಗಳು ಮಾತ್ರ ಉಳಿಯುತ್ತವೆ. ಕೆಂಡ್ವಾ, ನುಂಗ್ವಿಯಲ್ಲಿ ನೀರು ಅಷ್ಟು ದೂರ ಹೋಗುವುದಿಲ್ಲ, ದಿನವಿಡೀ ಈಜಬಹುದು. ಕಲಿಯಲು ಈ ಭಾಗವನ್ನೇ ಆರಿಸಬೇಕೆನ್ನುವುದಕ್ಕೆ ಇದೇ ಕಾರಣ.

ಹುಣ್ಣಿಮೆ, ಅಮಾವಾಸ್ಯೆಯಂದು ಜಾಂಜಿಬಾರ್‌ನಲ್ಲಿ ಪೂರ್ಣ ಉಬ್ಬರ ಬೆಳಗಿನ ಜಾವ ಮತ್ತು ಸಂಜೆ ಸುಮಾರು ನಾಲ್ಕಕ್ಕೆ, ಪೂರ್ಣ ಇಳಿತ ಬೆಳಿಗ್ಗೆ ಹತ್ತರ ಆಸುಪಾಸು. ಅಷ್ಟಮಿಯಂದು ಇದು ತಿರುಗುಮುರುಗಾಗಿ, ಬೆಳಿಗ್ಗೆ ಹತ್ತರ ಹೊತ್ತಿಗೆ ನೀರು ತುಂಬಿರುತ್ತದೆ. ಉಬ್ಬರದ ವೇಳೆ ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಈಜಿನ ಮೊದಲ ಪಾಠ ಸಪ್ತಮಿ ಅಥವಾ ಅಷ್ಟಮಿಯಂದು ಬೀಳುವಂತೆ ಟಿಕೆಟ್ ಮಾಡಿ. ಆ ದಿನಗಳಲ್ಲಿ ನೀರಿನ ಎಳೆತ ಕಡಿಮೆ, ಬೆಳಗಿನ ತಂಪಿನಲ್ಲಿ ಆಳವೂ ಹದವಾಗಿರುತ್ತದೆ. ಹುಣ್ಣಿಮೆ ಹತ್ತಿರವಾಗಿ ಎಳೆತ ಹೆಚ್ಚುವ ಹೊತ್ತಿಗೆ ನಿಮಗೆ ತೇಲುವುದು ಬಂದಿರುತ್ತದೆ. ನಿಖರ ವೇಳೆಗೆ ಹೋಟೆಲಿನಲ್ಲಿ ಆ ವಾರದ ಉಬ್ಬರ ಪಟ್ಟಿ ಕೇಳಿ. ಅಲ್ಲಿನವರ ಮಾತಿನಲ್ಲಿ ಮಾಜಿ ಕುಜಾ ಅಂದರೆ ನೀರು ತುಂಬುವುದು, ಮಾಜಿ ಕುಪ್ವಾ ಅಂದರೆ ಇಳಿಯುವುದು, ಬಾಮ್ವುವಾ ಅಂದರೆ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರ.

ಹೊರಡುವ ಮುನ್ನ

ಭಾರತೀಯರು ಟಾಂಜಾನಿಯಾದ ವೀಸಾವನ್ನು ಸರ್ಕಾರದ ಅಧಿಕೃತ ಜಾಲತಾಣದಲ್ಲೇ ಪಡೆಯಬಹುದು. ಒಂದು ಬಾರಿ ಪ್ರವೇಶದ ಪ್ರವಾಸಿ ವೀಸಾಕ್ಕೆ 50 ಡಾಲರ್. ಅದನ್ನೇ ಹೋಲುವ ಖಾಸಗಿ ತಾಣಗಳು ದುಪ್ಪಟ್ಟು ಕೀಳುತ್ತವೆ, ವಿಳಾಸ ನೋಡಿ ಹಣ ಕಟ್ಟಿ. 2024ರ ಅಕ್ಟೋಬರ್‌ನಿಂದ ಜಾಂಜಿಬಾರ್‌ಗೆ ಪ್ರತ್ಯೇಕ ಪ್ರವಾಸಿ ವಿಮೆ ಕಡ್ಡಾಯವಾಗಿದೆ, 44 ಡಾಲರ್. ನಿಮ್ಮ ಬಳಿ ಬೇರೆ ವಿಮೆ ಇದ್ದರೂ ಇದನ್ನು ಅಲ್ಲಿನ ಸರ್ಕಾರಿ ವಿಮಾ ನಿಗಮದಿಂದಲೇ ಕೊಳ್ಳಬೇಕು.

ವಿಮಾನ ನೈರೋಬಿ ಅಥವಾ ಅಡಿಸ್ ಅಬಾಬಾ ಮಾರ್ಗವಾಗಿದ್ದರೆ ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆಯ ನಿಯಮವನ್ನು ಹೋಗುವಾಗಿನದು, ಬರುವಾಗಿನದು ಎರಡನ್ನೂ ಟಿಕೆಟ್‌ಗೆ ಮೊದಲೇ ನೋಡಿ. ಲಸಿಕೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಕೊನೆಯ ವಾರದಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಕೈಚೀಲ ನಿಷಿದ್ಧ, ಒದ್ದೆ ಬಟ್ಟೆಗೆ ಬಟ್ಟೆಯ ಚೀಲ ಒಯ್ಯಿರಿ.

ಗಡಿಯಾರದ ವಿಷಯ ಸಣ್ಣದೆನಿಸಿದರೂ ಪಾಠ ತಪ್ಪುವುದು ಇದರಿಂದಲೇ. ಸ್ವಾಹಿಲಿಯಲ್ಲಿ ದಿನದ ಎಣಿಕೆ ಸೂರ್ಯೋದಯದಿಂದ. ಸಾ ಮೋಜ, ಅಂದರೆ ಒಂದು ಗಂಟೆ ಎಂದರೆ ನಮ್ಮ ಬೆಳಿಗ್ಗೆ ಏಳು. ಸಾ ತಾತು, ಮೂರು ಗಂಟೆ ಎಂದರೆ ಬೆಳಿಗ್ಗೆ ಒಂಬತ್ತು. ದೋಣಿಯವರೊಂದಿಗೆ, ಈಜಿನ ಗುರುಗಳೊಂದಿಗೆ ಸಮಯ ಗೊತ್ತು ಮಾಡುವಾಗ ಗಡಿಯಾರದ ಮುಳ್ಳು ತೋರಿಸಿ ಖಚಿತ ಮಾಡಿಕೊಳ್ಳಿ.

ಸಂತೆಯಿದ್ದ ಜಾಗ

ಸ್ಟೋನ್ ಟೌನ್‌ನ ಪೂರ್ವ ಅಂಚಿನಲ್ಲಿ, ದರಾಜನಿ ಮಾರುಕಟ್ಟೆಯಿಂದ ಐದು ನಿಮಿಷ ನಡೆದರೆ ಮ್ಕುನಾಜಿನಿ. ಅಲ್ಲಿರುವ ಆಂಗ್ಲಿಕನ್ ಕ್ರೈಸ್ಟ್ ಚರ್ಚ್ ಕೆಥೆಡ್ರಲ್ ನಿಂತಿರುವುದು ಗುಲಾಮರ ಸಂತೆಯ ನೆಲದ ಮೇಲೆ. ಆಗ ಊರಿನ ಈ ಬದಿಗೆ ಹಿನ್ನೀರಿನ ತೋಡು ಇತ್ತು. ಅದನ್ನು ಮುಚ್ಚಿದ ಮೇಲೆ ಬಂದ ರಸ್ತೆಗೆ ಕ್ರೀಕ್ ರಸ್ತೆ ಎಂದೇ ಹೆಸರಾಯಿತು.

ಹೋಗುವ ಮುನ್ನ ಇಷ್ಟು ತಿಳಿದಿದ್ದರೆ ಕಣ್ಣಿಗೆ ಹೆಚ್ಚು ಕಾಣುತ್ತದೆ. ಒಮಾನಿನ ಸುಲ್ತಾನ ಸಯೀದ್ ಬಿನ್ ಸುಲ್ತಾನ್ 1840ರ ಹೊತ್ತಿಗೆ ತನ್ನ ದರ್ಬಾರನ್ನು ಮಸ್ಕತ್‌ನಿಂದ ಜಾಂಜಿಬಾರ್‌ಗೆ ತಂದ. ಲವಂಗದ ತೋಟಗಳು ಹಬ್ಬಿದವು, ತೋಟಕ್ಕೆ ಆಳು ಬೇಕಾಯಿತು. ನ್ಯಾಸಾ ಸರೋವರದ ಸುತ್ತಲಿನ ಹಳ್ಳಿಗಳಿಂದ, ಇಂದಿನ ಮಲಾವಿ, ಮೊಜಾಂಬಿಕ್, ಟಾಂಜಾನಿಯಾದ ಒಳನಾಡಿನಿಂದ ಜನರನ್ನು ಹಿಡಿದು, ನೂರಾರು ಮೈಲಿ ನಡೆಸಿ, ಕಿಲ್ವಾ, ಬಾಗಮೊಯೊ ಬಂದರುಗಳಿಂದ ಹಡಗಿಗೆ ಹತ್ತಿಸುತ್ತಿದ್ದರು. 1860ರ ದಶಕದಲ್ಲಿ ಜಾಂಜಿಬಾರ್ ಮೂಲಕ ವರ್ಷಕ್ಕೆ ಹದಿನೈದರಿಂದ ಇಪ್ಪತ್ತು ಸಾವಿರ ಮಂದಿ ಸಾಗಿದರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಬ್ರಿಟಿಷರ ಒತ್ತಡಕ್ಕೆ ಮಣಿದು ಸುಲ್ತಾನ ಬರ್ಗಾಶ್ 1873ರ ಜೂನ್‌ನಲ್ಲಿ ಸಂತೆ ಮುಚ್ಚಿದ. ಮುಚ್ಚಿದ್ದು ಸಂತೆಯನ್ನು ಮತ್ತು ಕಡಲ ಸಾಗಣೆಯನ್ನು. ತೋಟಗಳಲ್ಲಿ ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆ ಹೋಗಿದ್ದು 1897ರಲ್ಲಿ. ಈ ಇಪ್ಪತ್ತನಾಲ್ಕು ವರ್ಷಗಳ ಅಂತರ ಗೈಡ್‌ಗಳ ಮಾತಿನಲ್ಲಿ ಎಷ್ಟೋ ಸಲ ಬಿಟ್ಟುಹೋಗುತ್ತದೆ, ಕೇಳಿ.

ಭಾರತೀಯರು ಇಲ್ಲಿ ಬರೀ ನೋಡುಗರಾಗಿ ನಿಲ್ಲುವ ಹಾಗಿಲ್ಲ. ಬಂದರಿನ ಸುಂಕ ವಸೂಲಿಯ ಗುತ್ತಿಗೆ ದಶಕಗಳ ಕಾಲ ಕಚ್ಛ್‌ನ ಜೈರಾಮ್ ಶಿವಜಿ ಕುಟುಂಬದ ಸಂಸ್ಥೆಯ ಕೈಯಲ್ಲಿತ್ತು. ಒಳನಾಡಿಗೆ ಹೋಗುವ ತಂಡಗಳಿಗೆ ಬಟ್ಟೆ, ಮಣಿ, ಸಾಲ ಒದಗಿಸಿದವರಲ್ಲಿ ಭಾರತೀಯ ವರ್ತಕರು ಮುಂದಿದ್ದರು. ಅಲ್ಲಿನ ಭಾರತೀಯರ ಮನೆ, ತೋಟಗಳಲ್ಲೂ ಗುಲಾಮರಿದ್ದರು. 1860ರ ಸುಮಾರಿಗೆ ಬ್ರಿಟಿಷ್ ಕಾನ್ಸಲ್ ರಿಗ್ಬಿ ಅಂಥ ಸಾವಿರಾರು ಜನರನ್ನು ಬಿಡುಗಡೆ ಮಾಡಿಸಿದ.

ಟಿಕೆಟ್ ಕೊಂಡ ಕೂಡಲೇ ಗೈಡ್‌ಗಳು ನೇರ ನೆಲಮಾಳಿಗೆಗೆ ಕರೆದೊಯ್ಯುತ್ತಾರೆ. ಅದಕ್ಕೆ ಮುಂಚೆ ವಸ್ತುಪ್ರದರ್ಶನದ ಫಲಕಗಳಿಗೆ ಒಂದು ಗಂಟೆ ಕೊಡಿ. ಯಾರನ್ನು, ಎಲ್ಲಿಂದ, ಯಾವ ದಾರಿಯಲ್ಲಿ ತಂದರು ಎಂಬುದು ಅಲ್ಲಿ ಹೆಸರು, ನಕ್ಷೆಗಳ ಸಮೇತ ಇದೆ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೇ ಹೋದರೆ ಬೀಚ್ ಹೋಟೆಲುಗಳ ಬಸ್ಸುಗಳು ಬರುವ ಮೊದಲೇ ಇದನ್ನು ಓದಿ ಮುಗಿಸಬಹುದು. ಭಾನುವಾರ ಪ್ರಾರ್ಥನೆ ಇರುತ್ತದೆ, ಬೇರೆ ದಿನ ಇಟ್ಟುಕೊಳ್ಳಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಚರ್ಚಿಗಷ್ಟೇ ಅಲ್ಲ, ಇಡೀ ಸ್ಟೋನ್ ಟೌನ್‌ಗೆ.

ನೆಲಮಾಳಿಗೆಯ ಎರಡು ಕೋಣೆಗಳು ಸೇಂಟ್ ಮೋನಿಕಾ ವಸತಿಗೃಹದ ಕೆಳಗಿವೆ. ಮೆಟ್ಟಿಲು ಇಳಿಯುವಾಗಲೇ ಬಗ್ಗಬೇಕು. ಒಳಗೆ ನಡುವೆ ಕಾಲುವೆಯಂಥ ತಗ್ಗು, ಎರಡೂ ಬದಿಗೆ ಕಲ್ಲಿನ ಜಗಲಿ, ಗೋಡೆಯಲ್ಲಿ ಕೈ ತೂರುವಷ್ಟೇ ಕಿಂಡಿ. ಎತ್ತರದವರು ನೆಟ್ಟಗೆ ನಿಲ್ಲಲಾರರು. ಉಸಿರುಗಟ್ಟುವ ಭಯವಿದ್ದವರು ಮೆಟ್ಟಿಲ ಬಳಿಯೇ ನಿಂತು ನೋಡಿದರೂ ಸಾಕು. ಇಲ್ಲಿ ಇಂತಿಷ್ಟು ಹೆಂಗಸರು ಮಕ್ಕಳು, ಪಕ್ಕದಲ್ಲಿ ಇಂತಿಷ್ಟು ಗಂಡಸರನ್ನು ತುಂಬುತ್ತಿದ್ದರೆಂದು ಗೈಡ್‌ಗಳು ಲೆಕ್ಕ ಹೇಳುತ್ತಾರೆ. ಆದರೆ ಮೇಲಿರುವ ಕಟ್ಟಡ ಸಂತೆ ಮುಚ್ಚಿದ ಮೇಲೆ ಕ್ರೈಸ್ತ ಮಿಷನ್ ಆಸ್ಪತ್ರೆಗಾಗಿ ಕಟ್ಟಿಸಿದ್ದು, ಕೋಣೆಗಳೂ ಅದರ ಉಗ್ರಾಣವೇ ಆಗಿದ್ದವು ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ಸಂತೆ ನಡೆದದ್ದರ ಬಗ್ಗೆ, ಜನರನ್ನು ಕೂಡಿಹಾಕಿದ್ದರ ಬಗ್ಗೆ ಯಾರಿಗೂ ಅನುಮಾನವಿಲ್ಲ. ಚರ್ಚೆ ಇರುವುದು ಈ ಎರಡು ಕೋಣೆಗಳ ಬಗ್ಗೆ ಮಾತ್ರ. ಕಟ್ಟಡ ಯಾವ ವರ್ಷದ್ದು ಎಂದು ಮರ್ಯಾದೆಯಿಂದ ಕೇಳಿ, ಒಳ್ಳೆಯ ಗೈಡ್ ಆದರೆ ಎರಡೂ ವಾದ ಹೇಳುತ್ತಾರೆ. ಇದೊಂದೇ ಕೋಣೆಯ ಮೇಲೆ ಇಡೀ ಭೇಟಿಯ ಭಾರ ಹಾಕದಿರಲು ಇದೂ ಒಂದು ಕಾರಣ.

ಚರ್ಚಿನ ಒಳಗೆ ಬಲಿಪೀಠದ ಮುಂದೆ ನೆಲದಲ್ಲಿ ಕೆಂಪು ಅಂಚಿನ ಬಿಳಿ ಅಮೃತಶಿಲೆಯ ವೃತ್ತವಿದೆ. ಗುಲಾಮರನ್ನು ಕಟ್ಟಿ ಛಡಿಯಿಂದ ಹೊಡೆಯುತ್ತಿದ್ದ ಮರ ಇದ್ದದ್ದು ಅಲ್ಲೇ ಎನ್ನುತ್ತಾರೆ. 1873ರ ಕ್ರಿಸ್ಮಸ್ ದಿನ ಅಡಿಗಲ್ಲು ಹಾಕಿಸಿ ಈ ಚರ್ಚು ಕಟ್ಟಿಸಿದ ಬಿಷಪ್ ಎಡ್ವರ್ಡ್ ಸ್ಟೀರ್ ಪೀಠದ ಹಿಂದೆಯೇ ಸಮಾಧಿಯಾಗಿದ್ದಾರೆ. ಪಕ್ಕದ ಗೋಡೆಯಲ್ಲಿ ಒಂದು ಪುಟ್ಟ ಮರದ ಶಿಲುಬೆ ಇದೆ, ಹೆಚ್ಚಿನವರು ನೋಡದೆ ದಾಟುತ್ತಾರೆ. ಚಿತಾಂಬೊ ಎಂಬ ಹಳ್ಳಿಯಲ್ಲಿ ಯಾವ ಮರದ ಬುಡದಲ್ಲಿ ಆಫ್ರಿಕಾದ ಒಳನಾಡು ಸುತ್ತಿದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ನರ ಹೃದಯವನ್ನು ಹೂತರೋ ಆ ಮರದಿಂದ ಮಾಡಿದ್ದು. ಆ ಮರದ ಮೇಲೆ ಅಂದು ಲಿವಿಂಗ್‌ಸ್ಟನ್ನರ ಹೆಸರು ಕೆತ್ತಿದವನು ಜೇಕಬ್ ವೇನ್‌ರೈಟ್. ಬಾಲ್ಯದಲ್ಲಿ ಗುಲಾಮನಾಗಿ ಮಾರಾಟವಾಗಿ, ಬಿಡುಗಡೆಯಾದ ಮೇಲೆ ನಾಸಿಕ್ ಬಳಿಯ ಶರಣಪುರದ ಆಫ್ರಿಕನ್ ಆಶ್ರಮದಲ್ಲಿ ಓದಿದವನು. ಬ್ರಿಟಿಷ್ ನೌಕಾಪಡೆ ಹಾಯಿಹಡಗುಗಳಿಂದ ಬಿಡಿಸಿದ ಮಕ್ಕಳಲ್ಲಿ ಎಷ್ಟೋ ಮಂದಿಯನ್ನು ಬೊಂಬಾಯಿಗೆ, ಅಲ್ಲಿಂದ ನಾಸಿಕ್‌ಗೆ ಕಳಿಸುತ್ತಿದ್ದರು.

ಅಂಗಳದಲ್ಲಿ ಸ್ವೀಡನ್ನಿನ ಶಿಲ್ಪಿ ಕ್ಲಾರಾ ಸೋರ್ನಾಸ್ 1990ರ ದಶಕದಲ್ಲಿ ಮಾಡಿದ ಸ್ಮಾರಕ. ನೆಲದಲ್ಲಿ ಚೌಕಾಕಾರದ ಗುಂಡಿ, ಅದರೊಳಗೆ ಐದು ಮಂದಿ, ಕುತ್ತಿಗೆಗೆ ಕಬ್ಬಿಣದ ಪಟ್ಟಿ, ಪಟ್ಟಿಯಿಂದ ಪಟ್ಟಿಗೆ ಸರಪಳಿ. ಮೂರ್ತಿಗಳು ಸಿಮೆಂಟಿನವು, ಸರಪಳಿ ಮಾತ್ರ ಆ ಕಾಲದ್ದೇ. ನಿಂತ ಕಡೆಯಿಂದ ನೋಡಿದರೆ ಅವರ ತಲೆ ನಿಮ್ಮ ಕಾಲ ಮಟ್ಟದಲ್ಲಿರುತ್ತದೆ. ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತರೆ ಒಬ್ಬೊಬ್ಬರ ಮುಖವೂ ಬೇರೆ, ಯಾರೂ ಯಾರನ್ನೂ ನೋಡುತ್ತಿಲ್ಲ ಎಂಬುದು ಕಾಣುತ್ತದೆ. ಕುಳಿತೇ ನೋಡಿ. ಗುಂಡಿಗೆ ಇಳಿಯುವುದು, ಸರಪಳಿ ಹಿಡಿದು ಸೆಲ್ಫಿ ತೆಗೆಯುವುದು ಬೇಡವೇ ಬೇಡ. ಮಾರಾಟವಾದವರ ಮೊಮ್ಮಕ್ಕಳು ಮರಿಮಕ್ಕಳು ಇದೇ ಊರಿನಲ್ಲಿದ್ದಾರೆ, ನಿಮಗೆ ಚಹಾ ಕೊಟ್ಟವರೂ ಅವರಲ್ಲೊಬ್ಬರಿರಬಹುದು.

ಎಂಟು ಹತ್ತು ವರ್ಷದ ಮಕ್ಕಳಿದ್ದರೆ ಸ್ಮಾರಕ, ಚರ್ಚು ತೋರಿಸಿ, ಕೋಣೆಗಳನ್ನು ಬಿಡಿ.

ಕರ್ನಾಟಕದಿಂದ ಹೋದವರಿಗೆ ಇದು ಪರದೇಶದ ಕಥೆ ಅನ್ನಿಸಬಾರದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಜನಾಂಗದ ಪೂರ್ವಿಕರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾದಿಂದ, ಮುಖ್ಯವಾಗಿ ಮೊಜಾಂಬಿಕ್ ಕಡೆಯಿಂದ, ಪೋರ್ಚುಗೀಸರ ಹಡಗುಗಳಲ್ಲಿ ಗೋವಾಕ್ಕೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಜಾಂಜಿಬಾರ್‌ನ ಸಂತೆಗೆ ಬಂದವರನ್ನೂ ಇವರನ್ನೂ ಹಿಡಿದು ತಂದ ಒಳನಾಡು ಬಹುಮಟ್ಟಿಗೆ ಒಂದೇ, ಬಂದರು ಬೇರೆ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಪ್ರದರ್ಶನದ ನಕ್ಷೆಯಲ್ಲಿ ಕಿಲ್ವಾದಿಂದ ದಕ್ಷಿಣಕ್ಕೆ ಬೆರಳು ಸರಿಸಿದರೆ ಸಿಗುವ ಮೊಜಾಂಬಿಕ್ ದ್ವೀಪವನ್ನು ಗುರುತಿಸಿಕೊಳ್ಳಿ. ಪೋರ್ಚುಗೀಸರ ಹಡಗುಗಳು ಗೋವಾದ ದಾರಿ ಹಿಡಿಯುತ್ತಿದ್ದದ್ದು ಆ ಬಂದರಿನಿಂದ.

ಮಂಗಪ್ವಾನಿ

ಸ್ಟೋನ್ ಟೌನ್‌ನಿಂದ ಉತ್ತರಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಇಲ್ಲಿ ಒಂದೆರಡು ಕಿಲೋಮೀಟರ್ ಅಂತರದಲ್ಲಿ ಎರಡು ಜಾಗಗಳಿವೆ, ಟ್ಯಾಕ್ಸಿಯವರು ಒಂದನ್ನೇ ತೋರಿಸಿ ಮುಗಿಸಿಬಿಡಬಹುದು. ಒಂದು, ಸಿಹಿನೀರಿರುವ ನೈಸರ್ಗಿಕ ಸುಣ್ಣಕಲ್ಲಿನ ಗುಹೆ. ಇನ್ನೊಂದು, ಹವಳಕಲ್ಲಿನ ನೆಲವನ್ನೇ ಕೊರೆದು ಮೇಲೆ ಛಾವಣಿ ಹಾಕಿದ ಕೋಣೆ. ನೋಡಬೇಕಾದದ್ದು ಎರಡನೆಯದು. 1873ರ ನಿಷೇಧದ ನಂತರವೂ ಕದ್ದು ಸಾಗಿಸುತ್ತಿದ್ದ ಜನರನ್ನು ಹಡಗು ಬರುವವರೆಗೆ ಬಚ್ಚಿಡಲು 1880ರ ಹೊತ್ತಿಗೆ ಕಟ್ಟಿಸಿದ್ದೆಂದು ಹೇಳುತ್ತಾರೆ. ದೂರದಿಂದ ಏನೂ ಕಾಣುವುದಿಲ್ಲ. ಪೊದೆಗಳ ಮಧ್ಯೆ ನೆಲಮಟ್ಟದ ಗಾರೆ, ಹತ್ತಿರ ಹೋದರೆ ಕೆಳಗಿಳಿಯುವ ಮೆಟ್ಟಿಲು, ಅಲ್ಲಿಂದ ಕಡಲಿಗೆ ಹೋಗುವ ಮರೆಯ ದಾರಿ. ಸಂತೆಯ ಜಾಗದಲ್ಲಿ ಮಾರಾಟ ರಾಜಾರೋಷವಾಗಿತ್ತು, ಇಲ್ಲಿ ಕದ್ದುಮುಚ್ಚಿ. ಎರಡನ್ನೂ ನೋಡಿದವರಿಗೆ 1873 ಎಂಬ ಇಸವಿ ಎಷ್ಟನ್ನು ಮುಗಿಸಿತು, ಎಷ್ಟನ್ನು ಮುಗಿಸಲಿಲ್ಲ ಎಂಬುದು ತಿಳಿಯುತ್ತದೆ. ಟಾರ್ಚ್ ಬೇಕು, ಜಾರದ ಅಟ್ಟೆಯ ಬೂಟು ಬೇಕು. ಗುಹೆಯ ನೀರಿಗೆ ಇಳಿಯಬೇಡಿ, ಅಲ್ಲಿನ ಬಂಡೆಯಂಚಿನ ಕಡಲೂ ಕಲಿಯಲು ತಕ್ಕುದಲ್ಲ. ಅಲ್ಲಿಂದ ನೇರ ಉತ್ತರಕ್ಕೆ ಕೆಂಡ್ವಾ. ಬಾಡಿಗೆ ಗಾಡಿ ಬೇಡವೆಂದರೆ ಪಟ್ಟಣದಿಂದ 116ನೇ ನಂಬರಿನ ದಲದಲ, ಅಂದರೆ ಅಲ್ಲಿನ ಸಣ್ಣ ಬಸ್ಸು, ನುಂಗ್ವಿಗೆ ಹೋಗುತ್ತದೆ, ಆದರೆ ಮಂಗಪ್ವಾನಿ ಆ ದಾರಿಯಲ್ಲಿಲ್ಲ.

ನುಂಗ್ವಿಯಲ್ಲಿ ಈಜಿನ ಮಾತು

ಸುತ್ತಲೂ ಕಡಲಿದ್ದರೂ ಜಾಂಜಿಬಾರ್‌ನ ಬಹಳಷ್ಟು ಹೆಣ್ಣುಮಕ್ಕಳಿಗೆ ಈಜು ಬರುವುದಿಲ್ಲ. ಮರ್ಯಾದೆಯ ಬಟ್ಟೆಯಿಲ್ಲ, ಕಲಿಸುವ ಹೆಂಗಸರಿಲ್ಲ ಎಂಬುದು ಬಹುಕಾಲದ ತೊಡಕು. 2011ರ ಸೆಪ್ಟೆಂಬರ್ 10ರಂದು ಉಂಗುಜಾ (ಜಾಂಜಿಬಾರ್‌ನ ಮುಖ್ಯ ದ್ವೀಪ) ಮತ್ತು ಪೆಂಬಾ ದ್ವೀಪಗಳ ನಡುವೆ ಸ್ಪೈಸ್ ಐಲ್ಯಾಂಡರ್ ಎಂಬ ಹಡಗು ಮಿತಿಮೀರಿ ಜನ ತುಂಬಿಕೊಂಡು ಮುಳುಗಿ ನೂರಾರು ಮಂದಿ ಸತ್ತರು. ನುಂಗ್ವಿಯ ಪಾಂಜೆ ಪ್ರಾಜೆಕ್ಟ್ ಇಡೀ ಮೈ ಮುಚ್ಚುವ ಈಜುಡುಗೆ ಕೊಟ್ಟು, ಊರಿನ ಹೆಂಗಸರನ್ನೇ ಗುರುಗಳನ್ನಾಗಿ ತಯಾರು ಮಾಡಿ, ಹುಡುಗಿಯರಿಗೆ ಈಜು ಮತ್ತು ಮುಳುಗುವವರನ್ನು ಉಳಿಸುವ ವಿದ್ಯೆ ಕಲಿಸಿದೆ. ಇದು ಊರಿನವರಿಗಾಗಿ ಹುಟ್ಟಿದ ಕೆಲಸ, ಪ್ರವಾಸಿಗರ ನೋಟಕ್ಕಲ್ಲ. ಕಡಲಲ್ಲಿ ಹುಡುಗಿಯರ ಪಾಠ ನಡೆಯುವುದು ಕಂಡರೆ ಕ್ಯಾಮೆರಾ ಎತ್ತಬೇಡಿ.

ಸೀರೆ, ಚೂಡಿದಾರ್ ಬಿಟ್ಟು ನೀರಿಗಿಳಿಯಲು ಹಿಂಜರಿಯುವ ನಮ್ಮ ಹೆಂಗಸರಿಗೆ ಈ ಊರು ಬೇರೆಲ್ಲ ಬೀಚಿಗಿಂತ ಹಿತ. ಪೂರ್ತಿ ತೋಳು, ಪೂರ್ತಿ ಕಾಲಿನ ಈಜುಡುಗೆಯನ್ನು ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಬಿಸಿಲಿಗೂ ಅದೇ ಒಳ್ಳೆಯದು. ಬಟ್ಟೆ ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆ ಲೈಕ್ರಾ ಇರಬೇಕು, ಮೈಗೆ ಅಂಟಿರಬೇಕು. ಹತ್ತಿಯ ಟೀಶರ್ಟ್, ದುಪಟ್ಟಾ ನೀರು ಕುಡಿದು ಭಾರವಾಗಿ ತೋಳೆತ್ತಲು ಬಿಡುವುದಿಲ್ಲ. ಇದಲ್ಲದೆ ಈಜಿನ ಕನ್ನಡಕ, ಕೂದಲಿಗೆ ಟೋಪಿ, ಹವಳಕಲ್ಲಿಗೆ ರಬ್ಬರ್ ಅಟ್ಟೆಯ ಬೂಟು, ಸಣ್ಣ ಚಿಮಟ.

ಗುರುಗಳನ್ನು ಗೊತ್ತು ಮಾಡುವಾಗ ಮೂರು ಪ್ರಶ್ನೆ ಕೇಳಿ: ಮುಳುಗುವವರನ್ನು ಉಳಿಸುವ ತರಬೇತಿ ಇದೆಯೇ, ಒಂದು ಸಲಕ್ಕೆ ಎಷ್ಟು ಜನರಿಗೆ ಕಲಿಸುತ್ತಾರೆ, ಪಾಠದ ಜಾಗದಲ್ಲಿ ದೋಣಿಗಳು ಓಡಾಡುತ್ತವೆಯೇ. ಹೊಸಬರಾದರೆ ಒಬ್ಬರಿಗೆ ಇಬ್ಬರು ಶಿಷ್ಯರು ಸಾಕು. ನುಂಗ್ವಿಯ ತುದಿಯಲ್ಲಿ, ದೀಪಸ್ತಂಭದ ಕಡೆ ನೀರಿನ ಸೆಳೆತ ಜೋರು, ಮೀನುಗಾರರ ದೋಣಿಗಳೂ ಹೆಚ್ಚು. ಅಲ್ಲಿಂದ ದಕ್ಷಿಣಕ್ಕಿರುವ ಕೆಂಡ್ವಾದ ಮರಳು ಕಲಿಯಲು ಮೇಲು.

ಆರು ದಿನದ ಪಾಠ

ದಿನಕ್ಕೆ 45 ನಿಮಿಷದ ಒಂದು ಪಾಠ, ಸಂಜೆ ಅರ್ಧ ಗಂಟೆ ಅಭ್ಯಾಸ. ನೀರು ಸೊಂಟಕ್ಕೂ ಎದೆಗೂ ನಡುವೆ ಇರಬೇಕು, ಮುಖ ಯಾವಾಗಲೂ ದಡದ ಕಡೆಗೆ ಅಥವಾ ದಡಕ್ಕೆ ಸಮಾನಾಂತರವಾಗಿ. ಹನ್ನೊಂದರಿಂದ ಮೂರರವರೆಗೆ ನೆರಳಲ್ಲಿರಿ. ಭೂಮಧ್ಯರೇಖೆಗೆ ಆರೇ ಡಿಗ್ರಿ ದೂರದ ಬಿಸಿಲು ಅದು, ತಣ್ಣಗಿನ ನೀರಲ್ಲಿ ಬೆನ್ನು ಸುಡುವುದು ಗೊತ್ತೇ ಆಗುವುದಿಲ್ಲ. ಮೂರ್ಛೆರೋಗ, ಹೃದಯದ ತೊಂದರೆ, ಕಿವಿ ತಮಟೆಯ ತೂತು ಇದ್ದವರು ಮೊದಲು ವೈದ್ಯರನ್ನು ಕೇಳಬೇಕು.

ಮೊದಲ ದಿನ ಕೈಕಾಲು ಆಡಿಸುವುದೇ ಬೇಡ, ಉಸಿರು ಮಾತ್ರ. ಬಾಯಲ್ಲಿ ಉಸಿರು ಎಳೆದು, ಮುಖ ಮುಳುಗಿಸಿ, ಮೂಗು ಬಾಯಿ ಎರಡರಿಂದಲೂ ನಾಲ್ಕೈದು ಸೆಕೆಂಡ್ ಗುಳ್ಳೆ ಬಿಡಿ, ತಲೆ ಎತ್ತಿ ಮತ್ತೆ ಎಳೆಯಿರಿ. ಇಪ್ಪತ್ತು ಸಲ ಒಂದೇ ಲಯದಲ್ಲಿ ಬರುವವರೆಗೆ ಮುಂದೆ ಹೋಗಬೇಡಿ. ದೊಡ್ಡವರು ಈಜು ಬಿಟ್ಟುಬಿಡುವುದು ಕೈಕಾಲು ಸೋತು ಅಲ್ಲ, ಉಸಿರು ಕಟ್ಟಿ. ನೀರಲ್ಲಿ ಉಸಿರು ಹಿಡಿದುಕೊಂಡವರು ತಲೆ ಎತ್ತಿದಾಗ ಬಿಡುವುದು, ಎಳೆಯುವುದು ಎರಡನ್ನೂ ಅರೆಕ್ಷಣದಲ್ಲಿ ಮಾಡಲು ಹೋಗಿ ನೀರು ಕುಡಿಯುತ್ತಾರೆ. ಬಿಡುವ ಕೆಲಸ ನೀರೊಳಗೇ ಮುಗಿದಿರಬೇಕು.

ಎರಡನೇ ದಿನ ಬೋರಲು ತೇಲುವುದು ಮತ್ತು ಎದ್ದು ನಿಲ್ಲುವುದು. ಎದ್ದು ನಿಲ್ಲುವುದನ್ನು ಕಲಿಸದ ಗುರುಗಳೇ ಹೆಚ್ಚು, ಹೊಸಬರ ಭಯದ ಬೇರು ಇರುವುದೇ ಇಲ್ಲಿ. ನೀರು ಬರೀ ಸೊಂಟದ ಮಟ್ಟ ಇದ್ದರೂ ಮಲಗಿದ ದೇಹಕ್ಕೆ ನೆಲ ಸಿಗುವುದಿಲ್ಲ. ಆಗ ತಲೆ ಎತ್ತಿ ಕಾಲು ಝಾಡಿಸಿದರೆ ಕಾಲು ಹಿಂದಕ್ಕೆ ಹೋಗಿ ಮುಖ ಮತ್ತೆ ಮುಳುಗುತ್ತದೆ. ಸರಿಯಾದ ಕ್ರಮ ಹೀಗೆ: ಮುಖ ನೀರಲ್ಲೇ ಇರಲಿ, ಎರಡೂ ಮೊಣಕಾಲು ಎದೆಗೆ ಎಳೆದುಕೊಳ್ಳಿ, ಮುಂದೆ ಚಾಚಿದ ಎರಡೂ ಅಂಗೈಯಿಂದ ನೀರನ್ನು ಕೆಳಕ್ಕೆ ಒತ್ತಿ. ದೇಹ ತಾನಾಗಿ ನೆಟ್ಟಗಾಗುತ್ತದೆ, ಪಾದ ಕೆಳಗೆ ಬರುತ್ತದೆ. ಪಾದಕ್ಕೆ ಮರಳು ತಾಗಿದ ಮೇಲೆಯೇ ತಲೆ ಎತ್ತಿ. ಇದು ಹತ್ತು ಸಲ ತಪ್ಪದೆ ಬಂದ ಕೂಡಲೇ ಭುಜದ ಬಿಗಿ ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ.

ಮೂರನೇ ದಿನ ಅಂಗಾತ ತೇಲುವುದು. ಯಾವ ಬಡಿತ ಕಲಿಯುವ ಮೊದಲೂ ಇದು ಬರಬೇಕು, ಸುಸ್ತಾದಾಗ ಬಾಯಿ ಮೂಗು ನೀರಿನ ಮೇಲಿಟ್ಟು ಕಾಯಲು ಇರುವ ದಾರಿ ಇದೊಂದೇ. ಕಿವಿ ಪೂರ್ತಿ ನೀರೊಳಗೆ, ಗದ್ದ ಆಕಾಶಕ್ಕೆ, ಹೊಕ್ಕುಳು ಮೇಲಕ್ಕೆ, ಎದೆ ತುಂಬ ಗಾಳಿ. ಕಿವಿಗೆ ನೀರು ಬಂತೆಂದು ತಲೆ ಎತ್ತಿದ ಕ್ಷಣವೇ ಸೊಂಟ ಕುಸಿಯುತ್ತದೆ. ತೆಳ್ಳಗಿನ ಗಂಡಸರ ಕಾಲು ಮುಳುಗುವುದು ಸಹಜ, ತೇಲಿಸುವ ಗಾಳಿ ಎದೆಯಲ್ಲಿದೆ, ಭಾರ ಕಾಲಿನಲ್ಲಿದೆ. ಅಂಥವರು ಎರಡೂ ಕೈಯನ್ನು ತಲೆಯ ಮೇಲಕ್ಕೆ ನೀರಲ್ಲೇ ಚಾಚಿದರೆ ತೂಕ ಸರಿದೂಗುತ್ತದೆ. ಗುರುವಿನ ಅಂಗೈ ತಲೆಯ ಹಿಂದೆ ಇರಲಿ, ಸೊಂಟದ ಕೆಳಗಲ್ಲ.

ನಾಲ್ಕನೇ ದಿನ ಬಾಣದಂತೆ ಜಾರುವುದು, ಕಾಲು ಬಡಿತ. ಬಡಿತ ತೊಡೆಯಿಂದ ಹುಟ್ಟಬೇಕು, ಪಾದದ ಕೀಲು ಸಡಿಲವಾಗಿರಬೇಕು. ಸೈಕಲ್ ತುಳಿದಂತೆ ಮೊಣಕಾಲು ಮಡಿಸಿದರೆ ನೊರೆ ಏಳುತ್ತದೆಯೇ ಹೊರತು ಮುಂದೆ ಸರಿಯುವುದಿಲ್ಲ. ಹಿಡಿದುಕೊಳ್ಳಲು ತೇಲುಹಲಗೆ ಇಲ್ಲದಿದ್ದರೆ ಮುಚ್ಚಳ ಬಿಗಿಯಾದ 5 ಲೀಟರಿನ ಖಾಲಿ ಎಣ್ಣೆ ಡಬ್ಬಿ ಸಾಕು, ಸುಮಾರು 5 ಕಿಲೋ ಭಾರ ಎತ್ತುತ್ತದೆ. ನಮ್ಮ ಹಳ್ಳಿಗಳಲ್ಲಿ ಸೋರೆ ಬುರುಡೆ, ಡಬ್ಬ ಕಟ್ಟಿಕೊಂಡು ಬಾವಿಗೆ ಇಳಿಯುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಆದರೆ ಕಡಲಲ್ಲಿ ಬೆನ್ನಿಗೆ ಕಟ್ಟಿಕೊಳ್ಳಬೇಡಿ, ಅಲೆ ಬಂದರೆ ಅದು ಮುಖವನ್ನು ಕೆಳಕ್ಕೆ ತಿರುಗಿಸಿಬಿಡುತ್ತದೆ. ಕೈಯಲ್ಲಿ ಹಿಡಿದರೆ ಸಾಕು.

ಐದನೇ ದಿನ ತೋಳು ಮತ್ತು ಪಕ್ಕಕ್ಕೆ ಉಸಿರು. ತಲೆಯನ್ನು ಎತ್ತಬಾರದು, ಹೊರಳಿಸಬೇಕು, ಕನ್ನಡಕದ ಒಂದು ಗಾಜು ನೀರಲ್ಲೇ ಇರಬೇಕು. ಈ ಒಂದು ದಿನದಲ್ಲಿ ಇದು ಪೂರ್ತಿ ಕೈಗೆ ಹತ್ತುವುದಿಲ್ಲ, ಹತ್ತಲೇಬೇಕೆಂಬ ಹಟವೂ ಬೇಡ. ಆರನೇ ದಿನ ನಿಂತಲ್ಲೇ ತೇಲುವುದು: ಅಂಗೈಯನ್ನು ಎದೆಯ ಮುಂದೆ ಎಂಟರ ಆಕಾರದಲ್ಲಿ ಆಡಿಸುತ್ತ, ಕಾಲನ್ನು ಕತ್ತರಿಯಂತೆ ನಿಧಾನ ತೆರೆದು ಮುಚ್ಚುತ್ತ, ಗದ್ದ ನೀರಿನ ಮಟ್ಟದಲ್ಲಿ. ಎದೆಯವರೆಗೆ ಎದ್ದು ನಿಲ್ಲಲು ಹೋದರೆ ಅರ್ಧ ನಿಮಿಷಕ್ಕೆ ಸುಸ್ತು. ಅಮೆರಿಕನ್ ರೆಡ್ ಕ್ರಾಸ್‌ನ ಅಳತೆಯಂತೆ ಈಜು ಬಂತೆನ್ನಲು ಆಳದ ನೀರಿಗಿಳಿದು ಮೇಲೆ ಬರುವುದು, ಒಂದು ನಿಮಿಷ ತೇಲುವುದು, ಸುತ್ತ ತಿರುಗಿ ದಿಕ್ಕು ಹಿಡಿಯುವುದು, ಸುಮಾರು 23 ಮೀಟರ್ ಈಜುವುದು, ಸಹಾಯವಿಲ್ಲದೆ ಹೊರಬರುವುದು, ಐದೂ ಸಾಧ್ಯವಾಗಬೇಕು. ಆರು ದಿನಕ್ಕೆ ಹೆಚ್ಚಿನವರಿಗೆ ಬರುವುದು ತೇಲುವುದು, ಹತ್ತು ಹದಿನೈದು ಮೀಟರ್ ಸಾಗುವುದು. ಅಷ್ಟು ಬಂದರೆ ಬುನಾದಿ ಗಟ್ಟಿ.

ಏನು ಕೆಡುತ್ತದೆ, ಏನು ಮಾಡಬೇಕು

ಸೀ ಅರ್ಚಿನ್ ಮುಳ್ಳು ಚುಚ್ಚಿದರೆ ಮೇಲೆ ಕಾಣುವುದನ್ನು ಚಿಮಟದಿಂದ ನೇರ ಎಳೆದು, ಪಾದವನ್ನು ತಡೆದುಕೊಳ್ಳಬಲ್ಲಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಿ. ಒಳಗೆ ಮುರಿದದ್ದನ್ನು ಕೆದಕಬೇಡಿ. ಕೀಲಿನ ಬಳಿ ಚುಚ್ಚಿದ್ದರೆ, ಮರುದಿನ ಊತ ಏರಿದರೆ ವೈದ್ಯರ ಬಳಿ ಹೋಗಿ.

ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರ ಹೋರಾಡಬೇಡಿ. ಅಂಗಾತ ತೇಲಿ, ಕೈ ಎತ್ತಿ ಮ್ಸಾದಾ ಎಂದು ಕೂಗಿ, ಅಲ್ಲಿ ಅದು ಸಹಾಯದ ಕರೆ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಸರಿಯಿರಿ. ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಕೈ ಪಕ್ಕಕ್ಕೆ ಒತ್ತುತ್ತಿರುತ್ತವೆ. ಹೊಸದಾಗಿ ಈಜು ಕಲಿತವರು ನೀರಿಗೆ ಹಾರಬಾರದು, ಡಬ್ಬಿ, ಹಗ್ಗ, ಹಲಗೆ ಎಸೆಯಬೇಕು. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡಿ ತಿರುಗಿಸುವುದು ನಮ್ಮಲ್ಲಿ ಇನ್ನೂ ನಡೆಯುತ್ತದೆ, ಅದರಿಂದ ಹೊಟ್ಟೆಯದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಹೊತ್ತೂ ಹಾಳು. ಉಸಿರಾಟವಿಲ್ಲದಿದ್ದರೆ ಮೊದಲು ಐದು ಸಲ ಬಾಯಿಂದ ಬಾಯಿಗೆ ಉಸಿರು, ನಂತರ 30 ಎದೆ ಒತ್ತು, 2 ಉಸಿರು, ನೆರವು ಬರುವವರೆಗೆ ಹೀಗೆಯೇ.

ದೋಣಿ ಏರುವಾಗ ಜೀವರಕ್ಷಕ ಜಾಕೆಟ್ ಕೈಗೆ ಬಂದ ಮೇಲೆಯೇ ಹಣ ಕೊಡಿ. ಸ್ಟೋನ್ ಟೌನ್‌ನ ಕಡಲಂಚಿನ ಉದ್ಯಾನ ಫೊರೊಧಾನಿಯ ಗೋಡೆಯಿಂದ ಊರಿನ ಹುಡುಗರು ಪಲ್ಟಿ ಹೊಡೆದು ಕಡಲಿಗೆ ಹಾರುವುದನ್ನು ಕಂಡು ಹಿಂದೆಯೇ ಹಾರಬೇಡಿ. ಕೆಳಗಿನ ಆಳ ಉಬ್ಬರದ ಹೊತ್ತಿನ ಮೇಲಿದೆ, ಆ ಲೆಕ್ಕ ಅವರಿಗೆ ಗೊತ್ತಿದೆ.

ಊರಿಗೆ ಬಂದ ವಾರದಲ್ಲೇ ಈಜುಕೊಳಕ್ಕೆ ಸೇರಿ. ಕಡಲ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಹೆಚ್ಚು ಸಾಂದ್ರ. ಕೊಳದಲ್ಲಿ ಮೊದಲ ದಿನ ಸೊಂಟ ಸ್ವಲ್ಪ ಕೆಳಗಿಳಿದು ಕಲಿತದ್ದೆಲ್ಲ ಮರೆತಂತೆ ಅನ್ನಿಸುತ್ತದೆ. ಎದೆಯಲ್ಲಿ ಗಾಳಿ ತುಂಬಿಕೊಂಡು, ಕೈ ತಲೆಯ ಮೇಲಕ್ಕೆ ಚಾಚಿ ಅಂಗಾತ ತೇಲುವುದರಿಂದಲೇ ಮತ್ತೆ ಶುರು ಮಾಡಿ, ಎರಡು ಮೂರು ಪಾಠಕ್ಕೆ ಹದ ಬರುತ್ತದೆ. ಗೋಕರ್ಣ, ಮುರುಡೇಶ್ವರದ ಕಡಲನ್ನು ಕೆಂಡ್ವಾ ಎಂದುಕೊಂಡು ಇಳಿಯಬೇಡಿ. ಅಲ್ಲಿ ಅಲೆ ತಡೆಯುವ ಹವಳದ ದಿಬ್ಬವಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಕಾಲಿಡುವಂತೆಯೇ ಇಲ್ಲ.